ಪಾಮ್ ಕೈಗೆತ್ತಿಕೊಳ್ಳುವ ಮುನ್ನ

ಪುಟ್ಟಿ,

ಏಪ್ರಿಲ್‌ನಲ್ಲಿ ನಡೆಯುವ ಪಾಮ್ ತಂಡದ, ಅಂದರೆ ಕೈಯಲ್ಲಿ ಗೊಂಡೆ ಹಿಡಿದು ಕುಣಿಯುವ ಡಾನ್ಸ್ ತಂಡದ, ಆಯ್ಕೆಗೆ ಹೋಗಲೋ ಬೇಡವೋ ಅಂತ ಕೇಳಿದ್ದೀಯ. ಹೋಗು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಅರ್ಧಕ್ಕರ್ಧ ಎಚ್ಚರಿಕೆಯ ಮಾತೇ ಇರುತ್ತದೆ. ಓದುತ್ತ ಓದುತ್ತ ದೊಡ್ಡಮ್ಮ ಬೇಡ ಅನ್ನುತ್ತಿದ್ದಾಳೆ ಅಂತ ನಿನಗೆ ಅನ್ನಿಸಬಾರದು. ನಿನ್ನ ಅಮ್ಮನ ಪರವಾಗಿ ವಕಾಲತ್ತು ವಹಿಸಲು ನಾನು ಕೂತಿಲ್ಲ. ಇಲ್ಲಿ ಮಿನೆಸೋಟಾದಲ್ಲಿ ಇಷ್ಟು ವರ್ಷ ಫಿಸಿಯೋಥೆರಪಿ ಮಾಡಿಕೊಂಡು ಬಂದವಳು. ಚಳಿಗಾಲ ಬಂತೆಂದರೆ ಸೊಂಟ ಹಿಡಿದುಕೊಂಡು, ಕಣಕಾಲು ಕುಂಟಿಕೊಂಡು ಬರುವ ಡಾನ್ಸ್ ತಂಡದ ಹುಡುಗಿಯರು ನನಗೆ ಹೊಸಬರಲ್ಲ. ವ್ಯಾಯಾಮ ಮಾಡಿಸುವಾಗ ಅವರು ಸುಮ್ಮನೆ ಇರುವುದಿಲ್ಲ, ಮಾತಾಡುತ್ತಾರೆ. ಹಾಗಾಗಿ ಆ ಲೋಕದ ಅಡುಗೆಮನೆ ಕಡೆಯ ಬಾಗಿಲು ನನಗೆ ಸ್ವಲ್ಪ ಗೊತ್ತು.

ಅಮ್ಮನ ಸಿಟ್ಟಿನ ವಿಷಯವನ್ನು ಮೊದಲು ಮುಗಿಸೋಣ. ಮೈಸೂರಿನಲ್ಲಿ ಕೂತು ‘ಚಿಯರ್ ಗರ್ಲ್’ ಅಂತ ಕೇಳಿದ ಕೂಡಲೇ ಅವಳ ಕಣ್ಣಮುಂದೆ ಬರುವುದು 2008ರ ಏಪ್ರಿಲ್ 18ರ ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಮೆಕಲಮ್ 158 ಬಾರಿಸಿ ಬೆಂಗಳೂರಿನ ಮಾನ ಹರಾಜು ಹಾಕಿದ ರಾತ್ರಿ. ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಆ ವರ್ಷ ನಮ್ಮ ತಂಡದವರು ಕರೆಸಿದ್ದರು. ಕ್ಯಾಮೆರಾ ಅವರನ್ನು ಯಾವ ಕಣ್ಣಿನಿಂದ ತೋರಿಸಿತೋ ಊರೂ ಅದೇ ಕಣ್ಣಿನಿಂದ ನೋಡಿತು. ಅದರಲ್ಲಿ ಆ ಹುಡುಗಿಯರ ತಪ್ಪೇನೂ ಇಲ್ಲ. ಆದರೆ ನಿನ್ನ ಅಮ್ಮನ ತಲೆಯಲ್ಲಿ ಆ ಚಿತ್ರವೇ ಅಚ್ಚೊತ್ತಿ ಕೂತಿದೆ. ಅದನ್ನು ವಾದ ಮಾಡಿ ಅಳಿಸಲಾಗದು.

ಅವಳಿಗೆ ಕಥೆ ಹೇಳು. 1898ರ ನವೆಂಬರ್‌ನಲ್ಲಿ ನಮ್ಮದೇ ಮಿನೆಸೋಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೋಲಿನ ಮೇಲೆ ಸೋಲು ತಿಂದು ಸುಸ್ತಾಗಿತ್ತು. ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಎಲ್ಲರೂ ಒಂದೇ ದನಿಯಲ್ಲಿ ಕೂಗುವ ಹಾಗೆ ಮಾಡಿದ. ಅಂದು ತಂಡ ಗೆದ್ದಿತು. ಚಿಯರ್‌ಲೀಡಿಂಗ್ ಶುರುವಾದದ್ದು ಅಲ್ಲಿಂದ ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಮೇಲಿನ ಎರಡು ಮೂರು ದಶಕ ಅದು ಬಹುಮಟ್ಟಿಗೆ ಗಂಡಸರದೇ ಕೆಲಸ. ಮಂಡಿ ಪೆಟ್ಟಾಗಿ ಆಟ ಬಿಟ್ಟ ಐಸೆನ್‌ಹೋವರ್ ಸೈನಿಕ ಅಕಾಡೆಮಿಯಲ್ಲಿ ಚಿಯರ್‌ಲೀಡರ್ ಆಗಿದ್ದರು. ರೇಗನ್ ಕಾಲೇಜಿನಲ್ಲಿ, ಕಿರಿಯ ಬುಷ್ ಶಾಲೆಯಲ್ಲಿ ಅದೇ ಕೆಲಸ ಮಾಡಿದವರು. ಮಿನೆಸೋಟಾದಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿದ್ದು 1923ರಲ್ಲಿ. ಎರಡನೆಯ ಮಹಾಯುದ್ಧಕ್ಕೆ ಹುಡುಗರು ಹೊರಟುಹೋದ ಮೇಲೆ ಮೈದಾನದ ಅಂಚು ಪೂರ್ತಿ ಹುಡುಗಿಯರ ಪಾಲಾಯಿತು. ಮೂವರು ಅಧ್ಯಕ್ಷರು ಮಾಡಿದ ಕೆಲಸ ಅಂದರೆ ಅಮ್ಮ ಒಂದು ನಿಮಿಷವಾದರೂ ಸುಮ್ಮನಾಗುತ್ತಾಳೆ. ಮಿಕ್ಕಿದ್ದನ್ನು ನನಗೆ ಬಿಡು, ನನ್ನ ತಂಗಿ ಅವಳು.

ಈಗ ನಿನ್ನ ವಿಷಯ. ನಿನ್ನ ಕಾಗದದಲ್ಲಿ ಒಂದು ಸಾಲಿನಲ್ಲಿ ‘ಚಿಯರ್’ ಅಂತಿದೆ, ಮುಂದಿನ ಸಾಲಿನಲ್ಲಿ ‘ಪಾಮ್’ ಅಂತಿದೆ. ಎರಡೂ ಒಂದೇ ಅಲ್ಲ, ಕೋಚ್ ಮುಂದೆ ಹಾಗೆ ಬೆರೆಸಿ ಮಾತಾಡಿದರೆ ಅವರ ಮುಖ ಸಪ್ಪಗಾಗುತ್ತದೆ. ಚಿಯರ್ ತಂಡದವರು ಕೂಗಿಸುವವರು, ಲಾಗ ಹಾಕುವವರು, ಒಬ್ಬರನ್ನೊಬ್ಬರು ಎತ್ತಿ ಗಾಳಿಗೆ ಎಸೆದು ಹಿಡಿಯುವವರು. ಟೆಕ್ಸಸ್‌ನ ಕೊರ್ಸಿಕಾನಾದ ನವಾರೊ ಕಾಲೇಜಿನ ಬಗ್ಗೆ ನೆಟ್‌ಫ್ಲಿಕ್ಸ್‌ನಲ್ಲಿ ನೀನು ನೋಡಿದ ಸರಣಿ ಆ ಜಾತಿಯದು. ಪಾಮ್‌ನ ವಂಶವೃಕ್ಷ ಬೇರೆ. 1940ರಲ್ಲಿ ಅದೇ ಟೆಕ್ಸಸ್‌ನ ಕಿಲ್ಗೋರ್ ಕಾಲೇಜಿನಲ್ಲಿ ಗಸ್ಸಿ ನೆಲ್ ಡೇವಿಸ್ ಎಂಬ ಶಿಕ್ಷಕಿ ಫುಟ್‌ಬಾಲ್‌ನ ಮಧ್ಯಂತರದಲ್ಲಿ ಕುಣಿಯಲು ರೇಂಜರೆಟ್ಸ್ ಎಂಬ ಹುಡುಗಿಯರ ತಂಡ ಕಟ್ಟಿದರು. ಸಾಲಾಗಿ ನಿಂತು ಕಾಲನ್ನು ಹಣೆಯ ಮಟ್ಟಕ್ಕೆ ಎತ್ತುವುದು, ನೆಗೆದು ನೆಲದ ಮೇಲೆ ಕಾಲು ಚಾಚಿ ಬೀಳುವುದು ಅವರ ಗುರುತು. ಇವತ್ತಿನ ಕಾಲೇಜು ಡಾನ್ಸ್ ತಂಡಗಳು ಅಲ್ಲಿಂದ ಕವಲೊಡೆದವು. ಇವರು ಯಾರನ್ನೂ ಮೇಲಕ್ಕೆ ಎಸೆಯುವುದಿಲ್ಲ. ಸ್ಪರ್ಧೆಯಲ್ಲಾದರೆ ಸುಮಾರು ಎರಡು ನಿಮಿಷ. ಪಾಮ್, ಜಾಜ್, ಹಿಪ್‌ಹಾಪ್ ಎಂದು ವಿಭಾಗಗಳು. ದೊಡ್ಡ ಸ್ಪರ್ಧೆಗಳಲ್ಲಿ ಒಂದು ಜನವರಿಯಲ್ಲಿ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ ಡೇಟೋನಾ ಬೀಚ್‌ನಲ್ಲಿ. ಸ್ಪರ್ಧೆಗೆ ಹೋಗದೆ ಪಂದ್ಯಗಳಿಗೆ ಮಾತ್ರ ಕುಣಿಯುವ ತಂಡಗಳೂ ಬೇಕಾದಷ್ಟಿವೆ. ನಿನ್ನ ವಿಶ್ವವಿದ್ಯಾಲಯದ್ದು ಯಾವ ಬಗೆಯದು ಎಂದು ಈ ವಾರವೇ ತಿಳಿದುಕೋ. ಒರ್ಲ್ಯಾಂಡೊಗೆ ಹೋಗುವ ತಂಡವಾದರೆ ನಿನ್ನ ಕ್ರಿಸ್‌ಮಸ್ ರಜೆ ಹೋಯಿತು ಅಂತಲೇ ಲೆಕ್ಕ. ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಕ್ಯಾಂಪಸ್ಸಿನಲ್ಲಿ ಅಭ್ಯಾಸ ನಡೆಯುವುದು ಆಗಲೇ. ಮೈಸೂರಿನ ಟಿಕೆಟ್ ತೆಗೆಸುವ ಮೊದಲು ಇದು ಗೊತ್ತಿರಬೇಕು.

ಎಷ್ಟರ ಮಟ್ಟಿನ ತಂಡ ಎಂಬುದೂ ಮುಖ್ಯ. ಮಿನೆಸೋಟಾ ವಿಶ್ವವಿದ್ಯಾಲಯದ ಡಾನ್ಸ್ ತಂಡ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿ ಹೊತ್ತುಕೊಂಡು ಬಂದದ್ದು. ಅಂಥಲ್ಲಿಗೆ ಬರುವ ಹುಡುಗಿಯರು ಮೂರು ನಾಲ್ಕು ವರ್ಷದವರಿದ್ದಾಗಲೇ ಬ್ಯಾಲೆ ಶಾಲೆ ಹತ್ತಿದವರು. ಈ ರಾಜ್ಯದ ಹೈಸ್ಕೂಲುಗಳಲ್ಲಿ ಡಾನ್ಸ್ ತಂಡ ಎಂಬುದು ಕ್ರೀಡೆಯ ಲೆಕ್ಕಕ್ಕೇ ಸೇರಿದೆ. ನೀನು ಆ ವಿಶ್ವವಿದ್ಯಾಲಯಕ್ಕೆ ಹೋಗಿದ್ದರೆ ನಾನು ಈ ಕಾಗದದ ಆರಂಭದ ‘ಹೋಗು’ ಎಂಬ ಉತ್ತರವನ್ನೇ ಬೇರೆ ಬರೆಯುತ್ತಿದ್ದೆ. ನಿನ್ನದು ಮಧ್ಯಮ ಗಾತ್ರದ ಕಾಲೇಜು. ಅಲ್ಲಿ ದಾರಿ ಇದೆ.

ದಾರಿ ಇದೆ, ಆದರೆ ಹತ್ತು ವರ್ಷದ ಭರತನಾಟ್ಯ ನಿನ್ನನ್ನು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕಾಲೆಳೆಯುತ್ತದೆ ಎಂಬುದನ್ನು ತಿಳಿದುಕೊಂಡು ಹೋಗು. ಲಯದ ವಿಷಯದಲ್ಲಿ ನೀನು ಅಲ್ಲಿನ ಬಹಳ ಮಂದಿಗಿಂತ ಮುಂದಿರುತ್ತೀಯ. ಅವರ ಎಣಿಕೆ ಎಂಟರದು; ಆದಿತಾಳದಲ್ಲಿ ಮೂರು ಕಾಲದಲ್ಲೂ ಅಡವು ಮಾಡಿದವಳಿಗೆ ಎಂಟು ಎಣಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಮಾನದ ಕೊನೆಯಲ್ಲಿ ಕೈ ಗಕ್ಕನೆ ನಿಲ್ಲಿಸುವ ಅಂಗಶುದ್ಧಿ ನಿನಗೆ ಬಂದಿದೆ. ಪಾಮ್‌ನಲ್ಲಿ ಬೇಕಾಗಿರುವುದರಲ್ಲಿ ಅರ್ಧ ಅದೇ. ದಣಿದರೂ ಮುಖದಲ್ಲಿ ತೋರಿಸದಿರುವುದು ರಂಗಪ್ರವೇಶ ಮಾಡಿದವರಿಗೆ ಗೊತ್ತಿರುವ ವಿದ್ಯೆ.

ಕಾಲೆಳೆಯುವುದು ಮಣಿಕಟ್ಟು. ನಮ್ಮಲ್ಲಿ ಕೈಯ ಮಾತೆಲ್ಲ ಮಣಿಕಟ್ಟಿನಿಂದ ಆಚೆಗೆ. ಪಾಮ್ ಹಿಡಿದ ಮೇಲೆ ಬೆರಳೇ ಕಾಣುವುದಿಲ್ಲ. ಭುಜದಿಂದ ಮುಷ್ಟಿಯವರೆಗೆ ಒಂದೇ ಗೆರೆ ಇರಬೇಕು, ಮಣಿಕಟ್ಟು ಒಂದು ಚೂರು ಬಾಗಿದರೂ ಕೈ ಮುರಿದ ಹಾಗೆ ಕಾಣುತ್ತದೆ. ‘ಹೈ ವಿ’ ಅಂದರೆ ಎರಡೂ ತೋಳು ಮೇಲೆ ಓರೆಯಾಗಿ, ‘ಟಿ’ ಅಂದರೆ ಭುಜದ ಮಟ್ಟಕ್ಕೆ ಪಕ್ಕಕ್ಕೆ. ತೋಳು ಹಿಂದಕ್ಕೆ ಜಾರದೆ, ನೇರ ನೋಡುತ್ತಿದ್ದಾಗಲೂ ಕಣ್ಣಂಚಿಗೆ ಕಾಣುವಷ್ಟು ಮುಂದಿರಬೇಕು. ನಾಟ್ಯಾರಂಭದ ಮೊಣಕೈ ಬಾಗು ನಿನ್ನ ಮೈಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ನೆಟ್ಟಗಿದೆ ಅಂತ ನಿನಗೆ ಅನ್ನಿಸಿದಾಗಲೂ ಅದು ನೆಟ್ಟಗಿರುವುದಿಲ್ಲ. ಕನ್ನಡಿ ನಂಬಬೇಡ, ಫೋನಿನಲ್ಲಿ ವಿಡಿಯೊ ತೆಗೆದು ನೋಡು.

ಕಣ್ಣು ಇನ್ನೂ ದೊಡ್ಡ ತೊಡಕು. ಕೈ ಹೋದ ಕಡೆ ದೃಷ್ಟಿ ಹೋಗಬೇಕು ಎಂದು ಮೇಷ್ಟರು ನಿನಗೆ ಬೈದು ಬೈದು ಕಲಿಸಿದ್ದಾರೆ. ಇಲ್ಲಿ ಕೈ ಎಲ್ಲಿಗಾದರೂ ಹೋಗಲಿ, ಕಣ್ಣು ಕ್ರೀಡಾಂಗಣದ ಮೇಲಿನ ಮೆಟ್ಟಿಲುಗಳ ಮೇಲೇ ಇರಬೇಕು. ಕೈ ನೋಡಿದೆಯೋ, ಇವಳಿಗೆ ಹೆಜ್ಜೆ ಮರೆತಿದೆ ಎಂದು ತೀರ್ಪುಗಾರರು ಓದಿಕೊಳ್ಳುತ್ತಾರೆ. ಒಳ್ಳೆಯ ಸಂಸ್ಕಾರವೇ ಅಲ್ಲಿ ತಪ್ಪಾಗಿ ಕಾಣುವುದು ವಿಚಿತ್ರ, ಆದರೆ ಹಾಗೆಯೇ.

ಇನ್ನು ಕಾಲು. ಅರಮಂಡಿಯಲ್ಲಿ ಮಂಡಿ ಹೊರಕ್ಕೆ, ಪಾದ ಚಪ್ಪಟೆ, ಹಿಮ್ಮಡಿ ಜೋರು. ಪಾಮ್‌ಗೆ ಬೇಕಾದದ್ದು ಚೂಪಾಗಿ ಚಾಚಿದ ಪಾದ, ನೆಟ್ಟಗಿನ ಮಂಡಿ, ಒಂದೇ ಕಾಲಿನ ಮೇಲೆ ಎರಡು ಮೂರು ಸುತ್ತು ತಿರುಗಿ ತೂರಾಡದೆ ನಿಲ್ಲುವುದು. ತಿರುಗುವಾಗ ತಲೆಯನ್ನು ಕೊನೆಯವರೆಗೆ ಹಿಂದೆ ಬಿಟ್ಟು ಆಮೇಲೆ ಥಟ್ಟನೆ ತರುವ ಉಪಾಯ ಬ್ಯಾಲೆ ತರಗತಿಯಲ್ಲದೆ ಬೇರೆಲ್ಲೂ ಸರಿಯಾಗಿ ಬರುವುದಿಲ್ಲ. ನಿನ್ನ ಕಾಲೇಜಿನ ನೃತ್ಯ ವಿಭಾಗದಲ್ಲಿ ಹೊಸಬರಿಗಾಗಿ ಬ್ಯಾಲೆಯ ಸಣ್ಣ ಕೋರ್ಸ್ ಇದ್ದರೆ ತೆಗೆದುಕೋ. ಎರಡು ತಿಂಗಳಲ್ಲಿ ಮೂರು ಸುತ್ತು ಬಾರದು. ಒಂದು ಸುತ್ತು ಶುದ್ಧವಾಗಿ ಬಂದರೆ ಸಾಕು. ಮೂರಕ್ಕೆ ಹೊರಟು ಎರಡೂವರೆಯಲ್ಲಿ ಜಾರುವವರನ್ನು ಕೋಚ್‌ಗಳು ತಂಡಕ್ಕೆ ತೆಗೆದುಕೊಳ್ಳಲು ಹೆದರುತ್ತಾರೆ.

ಆದರೆ ಇದೆಲ್ಲ ಮೈಯ ಪಾಠ, ಕಲಿತರೆ ಬರುತ್ತದೆ. ನನಗೆ ನಿನ್ನ ಬಗ್ಗೆ ನಿಜವಾಗಿ ಯೋಚನೆ ಇರುವುದು ಬೇರೆ ಕಡೆ. ನೀನು ಇದುವರೆಗೆ ಕುಣಿದದ್ದೆಲ್ಲ ಒಬ್ಬಳೇ. ರಂಗದ ನಡುವೆ ನೀನು, ಪಕ್ಕದಲ್ಲಿ ನಿನಗಾಗಿಯೇ ನಟುವಾಂಗ, ನಿನಗಾಗಿಯೇ ಮೃದಂಗ, ಎದುರಿಗೆ ನಿನ್ನನ್ನೇ ನೋಡಲು ಬಂದ ನೆಂಟರು. ಪಾಮ್‌ನಲ್ಲಿ ಹದಿನಾರೋ ಇಪ್ಪತ್ತೋ ಜನರಲ್ಲಿ ನಿನ್ನನ್ನು ಯಾರೂ ಬೇರೆಯಾಗಿ ಗುರುತಿಸಬಾರದು. ಗುರುತಿಸಿದರೆ ಏನೋ ತಪ್ಪಾಗಿದೆ ಅಂತ. ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಯವರನ್ನು ಚಿಕ್ಕಂದಿನಿಂದ ನೋಡಿದ್ದೀಯಲ್ಲ, ದಾರ ಕಟ್ಟಿದ ಕಂಚಿನ ತಾಳ ಬೀಸುತ್ತ ಅಷ್ಟು ಜನ ಹಾರಿ ಕೂತು ಏಳುವಾಗ ಯಾವನೊಬ್ಬ ಅರೆಕ್ಷಣ ತಡವಾದರೂ ಪಕ್ಕದವನ ತಲೆಗೆ ಬಿತ್ತು. ಅಂಥ ಕುಣಿತ ಇದು. ಅಲ್ಲಿ ಯಾರು ಚೆನ್ನಾಗಿ ಮಾಡಿದರು ಅಂತ ನಾವು ಕೇಳುವುದೇ ಇಲ್ಲ, ಇಡೀ ತಂಡ ಹೇಗಿತ್ತು ಅಂತ ಕೇಳುತ್ತೇವೆ. ಎಲ್ಲರಿಗಿಂತ ಎತ್ತರಕ್ಕೆ ಕಾಲು ಎತ್ತಬಲ್ಲವಳಿಗೆ ಕೋಚ್ ‘ಕೆಳಗಿಳಿಸು, ಪಕ್ಕದವಳಷ್ಟೇ ಸಾಕು’ ಅನ್ನುವುದನ್ನು ಹುಡುಗಿಯರು ನನಗೆ ಹೇಳಿಕೊಂಡು ಅತ್ತದ್ದುಂಟು. ಇನ್ನು ಕೆಲವರಿಗೆ ಅದರಲ್ಲೇ ಎಂಥದೋ ಸುಖ ಸಿಕ್ಕಿಬಿಡುತ್ತದೆ, ಬಿಟ್ಟು ಬರಲಾರರು. ನೀನು ಯಾವ ಗುಂಪಿನವಳು ಎಂದು ನನಗೆ ಗೊತ್ತಿಲ್ಲ. ನಿನಗೂ ಗೊತ್ತಿರಲಾರದು. ಮೆಚ್ಚುಗೆಗಾಗಿ ಹೋಗುತ್ತಿದ್ದರೆ ಮಾತ್ರ ಬೇಗ ಬೇಸರ ಬರುತ್ತದೆ: ಆರು ದಿನ ಬೆವರು ಸುರಿಸಿ ಏಳನೆಯ ದಿನ ಮೈದಾನಕ್ಕೆ ಇಳಿದಾಗ ಅರ್ಧ ಪ್ರೇಕ್ಷಕರು ಹಾಟ್‌ಡಾಗ್ ತರಲು ಎದ್ದು ಹೋಗಿರುತ್ತಾರೆ.

ಆಯ್ಕೆ ಎರಡು ಮೂರು ದಿನ ನಡೆಯುತ್ತದೆ. ಅದಕ್ಕೆ ಮುಂಚೆ ತಂಡದವರೇ ನಡೆಸುವ ಪ್ರೆಪ್ ಕ್ಲಾಸ್‌ಗಳಿರುತ್ತವೆ, ಒಂದನ್ನೂ ತಪ್ಪಿಸಬೇಡ. ಹೆಜ್ಜೆ ಕಲಿಯುವುದಕ್ಕಿಂತ ಹೆಚ್ಚಾಗಿ, ನೀನು ಕಲಿಯುವುದನ್ನು ಅವರು ನೋಡಲಿ ಎಂದು. ಆಯ್ಕೆಯ ದಿನ ಹೊಸ ಕುಣಿತವೊಂದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳಿಕೊಟ್ಟು, ಮೂವರು ಮೂವರನ್ನು ಕರೆದು ಮಾಡಿಸುತ್ತಾರೆ. ಕಾಲೇಜಿನ ಫೈಟ್ ಸಾಂಗ್‌ನ ಕುಣಿತವೂ ಇರುತ್ತದೆ. ಹೇಳಿಕೊಡುವಾಗ ಸಂಕೋಚದಿಂದ ಹಿಂದಿನ ಸಾಲಿಗೆ ಹೋಗಿ ನಿಲ್ಲುವುದು ನಮ್ಮ ಹುಡುಗಿಯರ ರೋಗ; ಮುಂದೆ ನಿಲ್ಲು. ತಪ್ಪಿದರೆ ತಡೆಯಬೇಡ, ನಾಲಿಗೆ ಕಚ್ಚಬೇಡ, ‘ಸಾರಿ’ ಅನ್ನಬೇಡ, ಮುಂದಿನ ಎಣಿಕೆಗೆ ಸೇರಿಕೋ. ಸಂದರ್ಶನದಲ್ಲಿ ಭರತನಾಟ್ಯದ ಬಗ್ಗೆ ಕೇಳಿದರೆ ಎರಡು ಮಾತಿನಲ್ಲಿ ಹೇಳು. ಅದು ಎಷ್ಟು ಸಾವಿರ ವರ್ಷ ಹಳೆಯದು ಎಂಬ ಭಾಷಣ ಅಲ್ಲಿ ಬೇಡ. ನಾಳೆಯಿಂದ ನೀನು ಯಾರ ಮಾತು ಕೇಳಬಲ್ಲೆ ಎಂದು ಅವರು ನೋಡುತ್ತಿರುತ್ತಾರೆ.

ಇಲ್ಲಿಂದ ನನ್ನ ಕಸುಬಿನ ಮಾತು, ಸ್ವಲ್ಪ ಉದ್ದವಾದರೂ ಓದು. ಚಿಯರ್‌ನಲ್ಲಿ ಅಪಾಯ ಒಂದೇ ಏಟಿಗೆ ಬರುತ್ತದೆ. 2006ರಲ್ಲಿ ಇಲಿನಾಯ್ಸ್‌ನ ಒಬ್ಬ ವಿದ್ಯಾರ್ಥಿನಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮಾನವ ಪಿರಮಿಡ್ಡಿನ ಮೇಲಿನಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡಳು. ಆಮೇಲೆಯೇ ಗಟ್ಟಿ ನೆಲದ ಮೇಲಿನ ಕಸರತ್ತುಗಳಿಗೆ ಕಟ್ಟುನಿಟ್ಟು ಬಂದದ್ದು. ಪಾಮ್‌ನಲ್ಲಿ ಹಾಗಿಲ್ಲ. ಇಲ್ಲಿ ನೋವು ಮೆಲ್ಲಗೆ, ನೆಂಟರ ಹಾಗೆ ಒಳಬಂದು ಕೂರುತ್ತದೆ. ನೆಗೆದು ಸ್ಪ್ಲಿಟ್‌ಗೆ ಬಿದ್ದೂ ಬಿದ್ದೂ ತೊಡೆಯ ಹಿಂದಿನ ಸ್ನಾಯು ಕೂರುವ ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಹರಿಯುವುದು, ಸೊಂಟದ ಕೀಲಿನ ಅಂಚು ಸವೆಯುವುದು, ಮೊಳಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದು. ಒಂದು ಗುರುತು ಹೇಳಿಕೊಡುತ್ತೇನೆ. ನೋವು ಎಲ್ಲಿ ಎಂದು ಕೇಳಿದಾಗ ಅಂಗೈ ಇಟ್ಟು ಸವರಿ ತೋರಿಸಿದರೆ ಬಹುಪಾಲು ಸ್ನಾಯುವಿನ ದಣಿವು, ಎರಡು ದಿನದಲ್ಲಿ ಹೋಗುತ್ತದೆ. ಮೂಳೆಯ ಮೇಲೆ ಒಂದೇ ಬೆರಳಿಟ್ಟು ‘ಇಲ್ಲೇ’ ಅನ್ನುವಂತಿದ್ದರೆ, ರಾತ್ರಿ ಮಲಗಿದಾಗಲೂ ಕುಟುಕುತ್ತಿದ್ದರೆ, ಅವತ್ತೇ ಕುಣಿತ ನಿಲ್ಲಿಸಿ ತೋರಿಸಬೇಕು. ‘ಒರ್ಲ್ಯಾಂಡೊ ಆಗಲಿ, ಆಮೇಲೆ ತೋರಿಸುತ್ತೇನೆ’ ಅಂದವರನ್ನು ನಾನು ಊರುಗೋಲಿನ ಮೇಲೆ ನೋಡಿದ್ದೇನೆ.

ಊಟ. ನೀನು ಮೊಟ್ಟೆಯನ್ನೂ ತಿನ್ನದವಳು. ತಂಡದ ಜೊತೆ ಬಸ್ಸಿನಲ್ಲಿ ಹೋಗುವಾಗ ಕೊಡುವ ಡಬ್ಬಿಯಲ್ಲಿ ಟರ್ಕಿ ಸ್ಯಾಂಡ್‌ವಿಚ್ ಇರುತ್ತದೆ. ಮಾಂಸ ತೆಗೆದು ಬರೀ ಬ್ರೆಡ್ಡು ಲೆಟಿಸ್ ತಿಂದು ನಾಲ್ಕು ಗಂಟೆ ಕುಣಿಯಲಾಗದು. ನಿರ್ವಾಹಕರಿಗೆ ಮೊದಲೇ ಬರೆದು ತಿಳಿಸು, ಚೀಲದಲ್ಲಿ ಕಡಲೆಬೀಜ, ಹುರಿಗಡಲೆ, ಖರ್ಜೂರ ಇಟ್ಟುಕೋ. ಕಬ್ಬಿಣಾಂಶ, ಬಿ12, ಡಿ ವಿಟಮಿನ್ ಮೂರನ್ನೂ ಈ ಬೇಸಿಗೆಯಲ್ಲೇ ಪರೀಕ್ಷೆ ಮಾಡಿಸು. ತೆಳ್ಳಗೆ ಕಾಣಬೇಕೆಂಬ ಆಸೆ ಆ ಕೋಣೆಯ ಗಾಳಿಯಲ್ಲೇ ಇರುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮುಟ್ಟು ಎರಡು ಮೂರು ತಿಂಗಳು ನಿಂತರೆ ‘ಒಳ್ಳೆಯದೇ ಆಯಿತು, ತೊಂದರೆ ತಪ್ಪಿತು’ ಅಂತ ಹುಡುಗಿಯರು ಖುಷಿಪಡುತ್ತಾರೆ. ಬಹಳ ಸಲ ಅದು ಮೈ ಹಸಿದಿದೆ ಎಂಬುದರ ಸೂಚನೆ, ಹಾಗೇ ಬಿಟ್ಟರೆ ಮೂಳೆ ಟೊಳ್ಳಾಗುತ್ತದೆ. ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲಿ ಈ ಸ್ಥಿತಿಗೊಂದು ಹೆಸರಿಟ್ಟು ಎಚ್ಚರಿಸಿದ್ದಾರೆ. ಅಮ್ಮನಿಗೆ ಹೇಳಲು ಸಂಕೋಚವಾದರೆ ನನಗೆ ಹೇಳು. ಎಲ್ಲರೆದುರು ನಿಲ್ಲಿಸಿ ತೂಕ ನೋಡುವ ಕೋಚ್ ಇದ್ದರೆ ಆ ತಂಡ ನಿನಗೆ ಬೇಡ. ಇದರಲ್ಲಿ ಮಾತ್ರ ನನ್ನದು ಹಟ.

ಇಲ್ಲೊಂದು ಕಾನೂನಿನ ಸಂಗತಿ ಇದೆ, ಹೊಸಬರಿಗೆ ಹೊಳೆಯುವುದಿಲ್ಲ. ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಮಹಿಳಾ ವಾಲಿಬಾಲ್ ತಂಡವನ್ನು ಕೈಬಿಟ್ಟು ಚಿಯರ್ ತಂಡವನ್ನು ಕ್ರೀಡೆಯೆಂದು ಲೆಕ್ಕ ತೋರಿಸಹೊರಟಾಗ, 2010ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮೇಲ್ಮನವಿಯಲ್ಲೂ, 2012ರಲ್ಲಿ, ಅದೇ ತೀರ್ಪು ನಿಂತಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚಿಯರ್ ಒಕ್ಕೂಟಕ್ಕೆ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿದೆ. ಆದರೂ ಕಾಲೇಜಿನ ಕಡತಗಳಲ್ಲಿ ನಿಮ್ಮಂಥ ತಂಡಗಳು ಸಾಮಾನ್ಯವಾಗಿ ಕ್ರೀಡಾ ತಂಡದ ಸಾಲಿಗೆ ಬರುವುದಿಲ್ಲ. ಹೀಗಾಗಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದೆಂದು ಫುಟ್‌ಬಾಲ್ ಹುಡುಗರಿಗೆ ಇರುವ ಕಾವಲು ನಿನಗೆ ಇರಬೇಕೆಂದೇನಿಲ್ಲ. ಅವರಿಗೆ ತಾನಾಗಿ ಸಿಗುವ ಅಥ್ಲೆಟಿಕ್ ಟ್ರೈನರ್, ಪರೀಕ್ಷೆ ಮುಂದೂಡುವ ಪತ್ರ, ತರಗತಿ ಮೊದಲು ಆರಿಸಿಕೊಳ್ಳುವ ಅವಕಾಶ ನಿನಗೆ ಸಿಗುತ್ತದೋ ಇಲ್ಲವೋ ಕೇಳಿಯೇ ತಿಳಿಯಬೇಕು. ಗಾಯವಾದರೆ ಯಾರ ವಿಮೆ ಎಂದೂ ಕೇಳು. ಈಗಾಗಲೇ ತಂಡದಲ್ಲಿರುವ ಇಬ್ಬರನ್ನು ಕಾಫಿಗೆ ಕರೆದು ಕೇಳಿದರೆ ಕೋಚ್ ಹೇಳದ್ದೂ ಗೊತ್ತಾಗುತ್ತದೆ.

ದುಡ್ಡೂ ಹಾಗೆಯೇ. ಕೆಲವು ಕಾಲೇಜುಗಳು ಉಡುಪು, ಪ್ರಯಾಣ ಎಲ್ಲ ಕೊಡುತ್ತವೆ. ಕೆಲವು ಕಡೆ ಶೂಗಳಿಂದ ಹಿಡಿದು ಬೇಸಿಗೆ ಶಿಬಿರದವರೆಗೆ ಹುಡುಗಿಯರೇ ತೆರಬೇಕು, ಸಾಲದ್ದಕ್ಕೆ ಊರೆಲ್ಲ ಸುತ್ತಿ ಚಂದಾ ಎತ್ತಬೇಕು. ಪೂರ್ತಿ ವರ್ಷದ ಖರ್ಚನ್ನು ಬರಹದಲ್ಲಿ ಕೇಳಿ ಪಡೆ. ಇನ್ನೊಂದು, ನೀನು ಎಫ್-1 ವೀಸಾದವಳು. ತಂಡದಿಂದ ಗೌರವಧನ ಬರುತ್ತದೆ ಅಂದರೆ, ಅಥವಾ ಯಾವುದೋ ಲಿಪ್‌ಸ್ಟಿಕ್ ಕಂಪನಿ ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಫೋಟೊ ಹಾಕು, ದುಡ್ಡು ಕೊಡುತ್ತೇವೆ ಅಂದರೆ, ಪಕ್ಕದವಳು ತೆಗೆದುಕೊಂಡಳು ಅಂತ ನೀನೂ ಕೈಚಾಚಬೇಡ. ಅವಳು ಇಲ್ಲಿನ ಪ್ರಜೆ. ನೀನು ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಬೇಕು. ಪೂರ್ಣಾವಧಿ ವಿದ್ಯಾರ್ಥಿನಿಯಾಗಿ ಉಳಿಯಲು ಬೇಕಾದ ಹನ್ನೆರಡು ಕ್ರೆಡಿಟ್‌ಗಿಂತ ಕೆಳಗೆ, ಅಭ್ಯಾಸ ಜಾಸ್ತಿಯಾಯಿತು ಅಂತ, ಇಳಿಯುವ ಹಾಗೂ ಇಲ್ಲ.

ಉಡುಪಿನ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ. ಕಳೆದ ವರ್ಷದ ಫೋಟೊಗಳನ್ನು ನೋಡು. ಅದರಲ್ಲಿ ನಿನ್ನನ್ನು ಇಟ್ಟು ನೋಡಿಕೊಂಡು ಮುಜುಗರ ಅನ್ನಿಸದಿದ್ದರೆ ಸರಿ. ಅನ್ನಿಸಿದರೆ ಹೊಟ್ಟೆ ಮುಚ್ಚುವ ತೆಳು ಒಳ ಅಂಗಿಗೆ ಅವಕಾಶ ಉಂಟೇ ಎಂದು ಆಯ್ಕೆಗೆ ಮುಂಚೆಯೇ ಕೇಳು, ಆದ ಮೇಲಲ್ಲ. ಮೈಬಣ್ಣದ ಕಾಲುಚೀಲ ಅಂತ ಕೊಡುವುದು ಬಹಳ ಸಲ ಅವರ ಮೈಬಣ್ಣದ್ದೇ ಆಗಿರುತ್ತದೆ. ನಿನ್ನ ಬಣ್ಣದ್ದೇ ಬೇಕು ಎಂದು ಕೇಳು. ಈಗ ಎಲ್ಲ ಛಾಯೆಗಳಲ್ಲೂ ಸಿಗುತ್ತವೆ.

ಮೈದಾನದ ಹೊರಗಿನ ಕರೆಗಳ ಬಗ್ಗೆ ಎಚ್ಚರವಿರಲಿ. 2021ರಲ್ಲಿ ಇಲಿನಾಯ್ಸ್‌ನ ಒಂದು ದೊಡ್ಡ ವಿಶ್ವವಿದ್ಯಾಲಯದ ಚಿಯರ್‌ಲೀಡರ್ ಒಬ್ಬಳು, ಶ್ರೀಮಂತ ದಾನಿಗಳ ನಡುವೆ ತಮ್ಮನ್ನು ಓಡಾಡಿಸಿದರು, ಅಲ್ಲಿ ಮೈಮುಟ್ಟಿದರು ಎಂದು ನ್ಯಾಯಾಲಯಕ್ಕೆ ದೂರು ಕೊಟ್ಟಳು. ಕ್ಯಾಪ್ಟನ್, ಕೋಚ್, ಇಡೀ ತಂಡ ಜೊತೆಯಲ್ಲಿ ಇಲ್ಲದ ಪಾರ್ಟಿಗೆ ಯೂನಿಫಾರ್ಮ್ ಹಾಕಿಕೊಂಡು ಹೋಗಬೇಡ. ಹೊಸಬರನ್ನು ‘ಸೇರಿಸಿಕೊಳ್ಳುವ’ ರಾತ್ರಿ ಎಂದು ಕುಡಿಸುವ, ಅವಮಾನ ಮಾಡುವ ಆಟಗಳಿದ್ದರೆ ಎದ್ದು ಬಾ. ಊರಿನ ರ‍್ಯಾಗಿಂಗ್‌ನ ಅಣ್ಣತಮ್ಮ ಅದು. ಕಾಲೇಜುಗಳು ಇಂಥ ಘಟನೆಗಳ ಲೆಕ್ಕ ಬಹಿರಂಗಪಡಿಸಬೇಕೆಂದು ಕೇಂದ್ರ ಸರ್ಕಾರ 2024ರ ಕೊನೆಯಲ್ಲಿ ಕಾನೂನೇ ಮಾಡಿದೆ, ದೂರು ಕೊಟ್ಟರೆ ನೀನು ಒಬ್ಬಂಟಿಯಲ್ಲ.

ಆಯ್ಕೆಯಾದರೆ ಬೇಸಿಗೆಯಲ್ಲಿ ಫುಟ್‌ಬಾಲ್ ಕಲಿ. ನಗಬೇಡ. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಗಲಾಟೆ ಮಾಡಬಾರದು, ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಅವನ ಹುಡುಗರಿಗೆ ಕೇಳಬೇಕು. ಎದುರಾಳಿಯ ಮೂರನೆಯ ಡೌನ್‌ಗೆ ಕ್ರೀಡಾಂಗಣ ಕಿತ್ತುಹೋಗುವ ಹಾಗೆ ಕೂಗಿಸಬೇಕು. ಇದು ಗೊತ್ತಿಲ್ಲದೆ ಹಲ್ಲುಬಿಟ್ಟುಕೊಂಡು ಪಾಮ್ ಅಲ್ಲಾಡಿಸುತ್ತಿದ್ದರೆ, ನಮ್ಮ ಹುಡುಗ ಪೆಟ್ಟು ತಿಂದು ಬಿದ್ದಿರುವಾಗಲೂ ನೀನು ನಗುತ್ತಿರುವುದು ದೊಡ್ಡ ಪರದೆಯ ಮೇಲೆ ಬರುತ್ತದೆ. ಸೆಪ್ಟೆಂಬರ್‌ನಿಂದ ಫುಟ್‌ಬಾಲ್, ಅದು ಮುಗಿಯುವುದರೊಳಗೆ ಬ್ಯಾಸ್ಕೆಟ್‌ಬಾಲ್, ಅದು ಮಾರ್ಚ್‌ವರೆಗೆ. ಪಂದ್ಯದ ದಿನ ಗಂಟೆಗಳ ಮುಂಚೆ ಹಾಜರಿರಬೇಕು. ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಶರತ್ಕಾಲಕ್ಕೆ ಹಾಕಿಕೊಳ್ಳಬೇಡ, ಬೇಸಿಗೆಯಲ್ಲಿ ಮುಗಿಸಿಕೋ.

ಆಯ್ಕೆಯಾಗದೆ ಹೋಗುವ ಸಾಧ್ಯತೆಯೇ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಪಟ್ಟಿಯಲ್ಲಿ ನಿನ್ನ ಸಂಖ್ಯೆ ಇರದಿದ್ದರೆ ಎರಡು ದಿನ ಅತ್ತುಕೋ, ಮೂರನೆಯ ದಿನ ಕೋಚ್‌ಗೆ ಮರ್ಯಾದೆಯಿಂದ ಬರೆದು ಏನು ಕಡಿಮೆಯಾಯಿತು ಎಂದು ಕೇಳು. ಬಹಳ ಜನ ಉತ್ತರಿಸುತ್ತಾರೆ. ಮುಂದಿನ ವಸಂತದಲ್ಲಿ ಮತ್ತೆ ಬಂದವಳನ್ನು ಅವರು ನೆನಪಿಟ್ಟುಕೊಂಡಿರುತ್ತಾರೆ. ಅಷ್ಟರಲ್ಲಿ ಕುಣಿಯದೆ ಇರಬೇಕಾಗಿಲ್ಲ: ವಿದ್ಯಾರ್ಥಿಗಳೇ ನಡೆಸುವ ಡಾನ್ಸ್ ಕ್ಲಬ್ಬುಗಳಿವೆ, ನಮ್ಮ ಮಕ್ಕಳ ಬಾಲಿವುಡ್ ಫ್ಯೂಷನ್, ಭಾಂಗ್ರಾ, ರಾಸ್ ತಂಡಗಳಿವೆ. ಅವರೂ ಊರೂರು ತಿರುಗಿ ಸ್ಪರ್ಧಿಸುತ್ತಾರೆ, ನೆಲ ಅದುರುವ ಹಾಗೆ ಕುಣಿಯುತ್ತಾರೆ. ಸಾಲಿನಲ್ಲಿ ಒಬ್ಬಳಾಗಿ ಕುಣಿಯುವ ಅಭ್ಯಾಸ ಅಲ್ಲೂ ಆಗುತ್ತದೆ.

ಮಾರ್ಚ್ ರಜೆಗೆ ಇಲ್ಲಿಗೆ ಬಾ. ನೆಗೆದು ಇಳಿಯುವಾಗ ನಿನ್ನ ಮಂಡಿ ಯಾವ ಕಡೆ ವಾಲುತ್ತದೆ ಎಂದು ನೋಡಬೇಕು, ಅರಮಂಡಿಯವರಲ್ಲಿ ಅದೊಂದು ಅನುಮಾನ ನನಗೆ ಯಾವಾಗಲೂ. ಈಗ ಹಾಕಿಕೊಳ್ಳುತ್ತಿರುವ ಶೂಗಳನ್ನೇ ತಾ, ಹೊಸದು ಕೊಳ್ಳಬೇಡ. ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಅದಕ್ಕೆ ಮುಂಚೆ ಒಂದು ‘ಹೈ ವಿ’, ಒಂದು ‘ಟಿ’, ಎದುರಿನಿಂದ ಒಮ್ಮೆ ಪಕ್ಕದಿಂದ ಒಮ್ಮೆ ವಿಡಿಯೊ ಮಾಡಿ ಕಳಿಸು. ಕೈಗೆ ಪಾಮ್ ಇಲ್ಲದಿದ್ದರೆ ಎರಡು ಕರವಸ್ತ್ರ ಹಿಡಿದುಕೋ, ಮಣಿಕಟ್ಟು ಕಾಣುವ ಹಾಗಿರಲಿ.

ನಿನ್ನ
ದೊಡ್ಡಮ್ಮ